ಮೂರನೇ ನಂಬರಿನ ಜರ್ಸಿ

ಏಪ್ರಿಲ್ 14, ಸೋಮವಾರ

ಮೊಣಕಾಲಿಗೆ ಐಸ್, ಇಪ್ಪತ್ತು ನಿಮಿಷ. ಊರಿನ ಕಾಫಿ ಬಾರಿನಲ್ಲಿ ನಿಂತೇ ಕುಡಿದೆ. ಕೂತರೆ ಏಳುವುದೇ ಒಂದು ಕೆಲಸ.

ಆಸ್ಪತ್ರೆಯಿಂದ ಕಾಗದ ಬಂತು. ಮೇ 12ಕ್ಕೆ ಆಪರೇಷನ್, ಹೊಸ ಮೊಣಕಾಲು. ಹದಿನಾಲ್ಕು ತಿಂಗಳು ಕಾದದ್ದು. ಕಾಲಿನ ಚರ್ಮದ ಮೇಲೆ ಗೀರು ಸಹ ಇರಕೂಡದು, ಇದ್ದರೆ ಸರದಿ ತಪ್ಪುತ್ತದೆ — ದಪ್ಪ ಅಕ್ಷರದಲ್ಲಿದೆ.

ನಾನು ಆಡುತ್ತಿದ್ದ ಫುಟ್ಬಾಲ್ ಕ್ಲಬ್ಬಿಗೆ ನೂರು ವರ್ಷ. ಶತಮಾನದ ಹನ್ನೊಂದು ಆಟಗಾರರನ್ನು ಊರಿನವರು ಆರಿಸುತ್ತಾರೆ, ಒಂದು ಜಾಗಕ್ಕೆ ಒಬ್ಬ. ಬಾರಿನ ಯಜಮಾನ ಎಲಿಜಿಯೊ ಮತದ ಚೀಟಿ ಹಿಡಿದು ಕೂತಿದ್ದ.

"ನೇವಿಯೊ, ನಿನ್ನ ಹೆಸ್ರು ಯಾವ ಜಾಗಕ್ಕೆ ಬರೀಲಿ ಮಾರಾಯ? ನೀನು ಆಡದೇ ಇರೋದು ಯಾವ್ದು?"

"ಮಧ್ಯಂತರದಲ್ಲಿ ಟೀ ಹಂಚಿಲ್ಲ, ಅಷ್ಟೆ."

ಹದಿನೇಳು ವರ್ಷ, 396 ಪಂದ್ಯ. ರೈಟ್‌ಬ್ಯಾಕ್, ಲೆಫ್ಟ್‌ಬ್ಯಾಕ್, ಮೈದಾನದ ನಡು, ನಡುವಿನ ಮುಂದೆ... ಗೋಲ್‌ಕೀಪರ್‌ಗೆ ಕೆಂಪು ಕಾರ್ಡ್ ಬಿದ್ದ ದಿನ ಗ್ಲೌಸ್ ಕೂಡ ಹಾಕಿದ್ದೆ. ಕೋಚ್ ನಿಲ್ಲು ಎಂದಲ್ಲಿ ನಿಂತೆ. ಮರುದಿನದ ಪತ್ರಿಕೆಯಲ್ಲಿ ನನ್ನ ಆಟಕ್ಕೆ ಹತ್ತಕ್ಕೆ ಆರು ಅಂಕ. ಯಾವಾಗಲೂ ಆರು.

ಏಪ್ರಿಲ್ 22

ಫಲಿತಾಂಶ ಬಂತು. ಹನ್ನೊಂದು ಜನರಲ್ಲಿ ನಾನಿಲ್ಲ. ನನಗೆ ರೈಟ್‌ಬ್ಯಾಕ್ ಜಾಗಕ್ಕೆ 140 ಮತ, ಲೆಫ್ಟ್‌ಬ್ಯಾಕ್‌ಗೆ 133, ನಡುವಿಗೆ 121. ಮೂರರಲ್ಲೂ ಎರಡನೆಯವನು. ಹೆಂಡತಿ ಒರ್ನೆಲ್ಲಾ ಪತ್ರಿಕೆಯ ಅಂಚಿನಲ್ಲಿ ಕೂಡಿಸಿದಳು.

"ಒಟ್ಟು ಮುನ್ನೂರ ತೊಂಬತ್ನಾಲ್ಕು. ಇಷ್ಟು ಯಾರಿಗೂ ಬಂದಿಲ್ಲ ಕಣೋ."

ಬಂದಿಲ್ಲ. ಏನು ಮಾಡುವುದು.

ಏಪ್ರಿಲ್ 24

ಕ್ಲಬ್ಬಿನ ಕಾರ್ಯದರ್ಶಿ ಫೆರುಚೊ ಫೋನ್. ಮೇ 10ರ ಸಂಭ್ರಮದ ಪಂದ್ಯಕ್ಕೆ ಲೆಫ್ಟ್‌ಬ್ಯಾಕ್ ಗ್ವಾಲ್ತಿಯೆರೊ ಬರುವುದಿಲ್ಲ, ಸೊಂಟ ಹಿಡಿದಿದೆ. "ಮತದಲ್ಲಿ ಎರಡನೆಯವ್ನು ನೀನೇ ಅಲ್ವಾ, ಬಂದ್ಬಿಡು."

ಆಗುವುದಿಲ್ಲ ಎಂದೆ. ಕಾರಣ ಹೇಳಿದೆ.

"ನೀನು ಆಗಲ್ಲ ಅಂದಿದ್ದು ಇದೇ ಮೊದಲು ಕಣೋ."

ನನಗೂ ಹಾಗೇ ಅನ್ನಿಸಿತು.

ಮೇ 9, ಸಂಜೆ

ಫೆರುಚೊ ಬಾಗಿಲಿನ ಹಿಡಿಗೆ ಚೀಲ ನೇತುಹಾಕಿ ಹೋಗಿದ್ದಾನೆ. ಒಳಗೆ ಲೆಫ್ಟ್‌ಬ್ಯಾಕ್ ತೊಡುವ ಮೂರನೇ ನಂಬರಿನ ಜರ್ಸಿ, ಚೀಟಿ: ಫೋಟೊಗೆ ನಿಂತರೆ ಸಾಕು.

"ಫೋಟೊಗೆ ಮಾತ್ರ," ಎಂದಳು ಒರ್ನೆಲ್ಲಾ.

"ಫೋಟೊಗೆ ಮಾತ್ರ."

ಮೇ 10, ರಾತ್ರಿ

ಫೋಟೊ ಆಯಿತು. ಹತ್ತೇ ಜನ ಆಡಲು ಹೊರಟರು, ನೋಡಲಾಗಲಿಲ್ಲ. ಹತ್ತು ನಿಮಿಷ ನಿಲ್ಲುತ್ತೇನೆ, ಓಡುವುದಿಲ್ಲ ಎಂದೆ. ಇಪ್ಪತ್ತೇಳು ನಿಮಿಷ ನಿಂತೆ.

ಕೊನೆಗೆ ಎದುರು ತಂಡದ ವಿಂಗರ್ ಅಂಚಿನ ಗೆರೆ ಹಿಡಿದು ಬಂದ. ಯೋಚಿಸಲಿಲ್ಲ... ಕಾಲು ತಾನೇ ಚೆಂಡಿನತ್ತ ನೆಲದ ಮೇಲೆ ಜಾರಿತು. ಚೆಂಡು ಸಿಕ್ಕಿತು, ಸ್ವಚ್ಛವಾಗಿ. ಗ್ಯಾಲರಿಯವರು ಎದ್ದು ನಿಂತರು.

ಮನೆಯಲ್ಲಿ ಒರ್ನೆಲ್ಲಾ ಔಷಧಿ ಒತ್ತಿದಳು. ಮೊಣಕಾಲಿನ ಕೆಳಗೆ, ಹೆಬ್ಬೆಟ್ಟಿನಷ್ಟು ತರಚು.

ಮೇ 11

ಪತ್ರಿಕೆ: ಲೆಫ್ಟ್‌ಬ್ಯಾಕ್, ಹತ್ತಕ್ಕೆ ಏಳೂವರೆ. ಎರಡು ಸಲ ಓದಿದೆ.

ತರಚು ಇನ್ನೂ ಒಣಗಿಲ್ಲ.

ಮೇ 12, ಬೆಳಿಗ್ಗೆ 6:40

ಆಸ್ಪತ್ರೆ. ನರ್ಸ್ ದೀಪ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಬರುತ್ತಿದ್ದಾಳೆ. ಪಕ್ಕದವನನ್ನು ಕೇಳುತ್ತಿದ್ದಾಳೆ, "ಗಾಯ ಗೀಯ ಏನೂ ಇಲ್ವಲ್ಲ ಯಜಮಾನ್ರೇ?" ಒರ್ನೆಲ್ಲಾ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಾಳೆ. ಇಲ್ಲಿ ಗಾಯ ಇಲ್ಲ ಎಂದರೆ ನಡೆಯುವುದಿಲ್ಲ, ಹೊದಿಕೆ ಸರಿಸಲೇಬೇಕು. ಮತ್ತೆ ಹದಿನಾಲ್ಕು ತಿಂಗಳು ಕಾಯಬೇಕು... ಆದರೂ ಆ ಚೆಂಡು ಮಾತ್ರ ಸ್ವಚ್ಛವಾಗಿ —

ಬಂದಳು. ನಾನೇ ಹೊದಿಕೆ ಸರಿಸುತ್ತೇನೆ.