ಮೊಣಕಾಲಿನ ಪುಟ ತೆರೆಯಿತು

ರಾಯಾಪುರ
೧೪ ಜುಲೈ ೨೦೨೪, ರವಿವಾರ

ಪ್ರೀತಿಯ ತಂಗಿ ಮುಸರತಳಿಗೆ ನಿನ್ನ ಭಾಯಿ ಹುಸೇನಬಾಷಾನ ಸಲಾಮು.

ನಿಮ್ಮೂರು ಮುಗದದ ಸಮಸ್ತ ಗ್ರಾಮಸ್ಥರು ಕೈಯಲ್ಲಿನ ಕೆಲಸ ಬಿಟ್ಟು, ಎದ್ದು ನಿಂತು ಕೇಳತಕ್ಕದ್ದು: ನಿನ್ನೆ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ, ಹೊಲಿಗೆ ಮಷೀನಿನ ಪಕ್ಕದ ಮೇಜಿನ ಮೇಲಿರುವ ಕಂಪ್ಯೂಟರು, ಮೊಣಕಾಲು ನೋವಿಗೆ ಸಂಬಂಧಪಟ್ಟ ಒಂದು ಪುಟವನ್ನು ಯಾವ ತಕರಾರೂ ಇಲ್ಲದೆ ತೆರೆದು ತೋರಿಸಿತು. ಈ ಸುದಿನದ ನೆನಪಿಗಾಗಿ ಬ್ಯಾಂಡು ತರಿಸುವ ವಿಚಾರವಿತ್ತು. ನಿನ್ನ ಭಾಬಿ "ಮೊದಲ ಹಾಲು ತರ್ರಿ" ಎಂದದ್ದರಿಂದ ಆ ಕಾರ್ಯಕ್ರಮ ಮುಂದಕ್ಕೆ ಹೋಗಿದೆ.

ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯದೆ ಕುಳಿತದ್ದಕ್ಕೆ ಕ್ಷಮೆ ಇರಲಿ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀ. ನಿಮ್ಮ ಓಣಿಯಲ್ಲಿ ನೆಟ್‌ವರ್ಕು ಸಿಗುವುದು ನೀರಿನ ಟಾಕಿಯ ಕಟ್ಟೆಯ ಮೇಲೆ ಮಾತ್ರ. ಅಲ್ಲಿ ನಿಂತು ನೀನು "ಹಾಂ, ಹೇಳ್ರಿ ಭಾಯಿ" ಎಂದರೆ ಅರ್ಧ ಊರು ನಿನ್ನ ಜೊತೆಗೆ ಕಿವಿ ಕೊಡುತ್ತದೆ. ನನ್ನ ಹತ್ತಿರ ಇದ್ದದ್ದು ಅರ್ಧ ಊರು ಕೇಳುವಂಥ ಮಾತಲ್ಲ. ಅದಕ್ಕೇ ಈ ಪತ್ರ.

ಈಗ ಕುಳಿತುಕೊಂಡು ಓದು. ಬಕ್ರೀದ್ ಮುಗಿದು ಎರಡು ವಾರ ಕಳೆದ ಮೇಲೆ ನಿನ್ನ ಭಾಬಿ ಖಾತುನಬಿ ತನ್ನ ಎದೆಯಲ್ಲೊಂದು ಗಂಟು ಇದೆ ಎಂದು ನನಗೆ ಹೇಳಿದಳು. ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ನೋಡಿ, ಸೂಜಿ ಹಾಕಿ ಸಣ್ಣ ತುಣುಕು ತೆಗೆದು ತಪಾಸಣೆಗೆ ಕಳಿಸಿದರು; ರಿಪೋರ್ಟ್ ಬರಲು ವಾರ ಹಿಡಿಯುತ್ತದೆ ಎಂದರು. ನೀನು ಬಿಪಿ ಗುಳಿಗೆ ನುಂಗುವವಳು, ಸುಮ್ಮನೆ ಗಾಬರಿಯಾಗುತ್ತೀ ಎಂದು ನಿನಗೆ ತಿಳಿಸಲಿಲ್ಲ. ಮನೆಯ ಹಿರಿಯನಾಗಿ ಈ ಭಾರವನ್ನು ನಾನೊಬ್ಬನೇ ಹೊತ್ತೆನೆಂದು ನನಗೆ ನಾನೇ ಶಾಲು ಹೊದಿಸಿ ಸನ್ಮಾನ ಮಾಡಿಕೊಂಡಿದ್ದೆ. ಹೆದರಬೇಡ, ಇದನ್ನು ಬರೆಯುತ್ತಿರುವಾಗ ನಿನ್ನ ಭಾಬಿ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ, ಬಡಿತದಲ್ಲಿ ಸಿಟ್ಟಿಲ್ಲ. ಉಳಿದದ್ದನ್ನು ಸಾಲಾಗಿ ಹೇಳುತ್ತೇನೆ, ಹಾಳೆ ಮಗುಚಿ ಕೊನೆಗೆ ಹಾರಬೇಡ. ಸಣ್ಣಾಕೆ ಇದ್ದಾಗಿನಿಂದ ನಿನಗೆ ಆ ಚಾಳಿ ಇದೆ.

ಕಾಯುವ ವಾರದಲ್ಲಿ ಗಂಡನಾದವನು ಮಾಡಬಹುದಾದದ್ದು ಏನು? ಓದುವುದು. ನಮ್ಮ ಕಂಪ್ಯೂಟರು ಮಗಳು ಶಾಜಿಯಾಳ ಓದಿಗೆಂದು ತಂದದ್ದು. ಅವಳನ್ನು ಹುಬ್ಬಳ್ಳಿಗೆ ಕೊಟ್ಟ ಮೇಲೆ ಅದು ಖಾತುನಬಿಗೆ ಕುಪ್ಪಸದ ಕುತ್ತಿಗೆಯ ಡಿಸೈನು ನೋಡಲು, ನನಗೆ ರೋಗ ನೋಡಲು ಉಳಿದಿದೆ. ನನ್ನ ಓದಿನ ಖ್ಯಾತಿ ನಿನಗೆ ಗೊತ್ತಲ್ಲ. ಹೋದ ವರ್ಷ ಬಿಕ್ಕಳಿಕೆ ಬಂದಾಗ ಮಧ್ಯಾಹ್ನದೊಳಗೆ ಓದಿ ಓದಿ ಮೂರು ರೋಗ ಹಚ್ಚಿಕೊಂಡು, ಅಂಗಡಿಯ ಸ್ಕ್ರೂಡ್ರೈವರುಗಳು ನನ್ನ ನಂತರ ಯಾರಿಗೆ ಸೇರಬೇಕೆಂದು ಹೇಳಿಬಿಟ್ಟಿದ್ದೆ. ಖಾತುನಬಿ ಬಾಯಿಗೊಂದು ಚಮಚ ಸಕ್ಕರೆ ಹಾಕಿದ ಕೂಡಲೇ ಮೂರೂ ವಾಸಿಯಾದವು.

ಹೀಗಾಗಿ ಆಸ್ಪತ್ರೆಯಿಂದ ಬಂದ ಮರುದಿನವೇ ಕಂಪ್ಯೂಟರಿನ ಮುಂದೆ ಕುಳಿತು 'ಎದೆಯ ಗಂಟು' ಎಂದು ಹಾಕಿದೆ. ಉತ್ತರಗಳು ಸಾಲಾಗಿ ಬಂದು ನಿಂತವು. ಮೊದಲನೆಯದನ್ನು ಒತ್ತಿದರೆ ಬಿಳಿ ಪುಟ, ಕೆಳಗೆರಡು ಇಂಗ್ಲಿಷ್ ಸಾಲು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಕಂಪ್ಯೂಟರಿನ ಇಂಗ್ಲಿಷನ್ನು ನಾನು ಓದುವುದಿಲ್ಲ. ಬೈಯುತ್ತಿದೆ ಎಂದು ತಿಳಿದು ಮುಂದೆ ಹೋಗುತ್ತೇನೆ.

ರಾಯಾಪುರದ ರಸ್ತೆ ಬದಿಯಲ್ಲಿ ಕುಳಿತು ತಲೆ ಹಣ್ಣಾಗುವ ತನಕ ಹೊಲಿಗೆ ಮಷೀನು ರಿಪೇರಿ ಮಾಡಿದವನು ಇಷ್ಟಕ್ಕೆ ಸೋಲುತ್ತಾನೆಯೆ? ಮಷೀನು ಹೊಲಿಗೆ ತಪ್ಪಿಸುತ್ತಿದ್ದರೆ ನಾವು ಮೊದಲು ಚಿಂದಿ ಬಟ್ಟೆಗಳ ಮೇಲೆ ಓಡಿಸಿ ನೋಡುತ್ತೇವೆ. ಅದೇ ಪ್ರಕಾರ ಇದಕ್ಕೂ ಚಿಂದಿ ಕೊಟ್ಟೆ. ಕ್ರಿಕೆಟ್ ತೆರೆಯಿತು. ಬಂಗಾರದ ದರ ತೆರೆಯಿತು. ಯಾರೋ ಪುಣ್ಯಾತ್ಮನ ಬಿರಿಯಾನಿ ಹೊಗೆಯಾಡುತ್ತ ತೆರೆಯಿತು. ರೋಗ ಎಂದ ಕೂಡಲೇ ದಾರ ಕಟ್. ಮೊಣಕಾಲು ಇಲ್ಲ, ಬಿಪಿ ಇಲ್ಲ, ಕಡೆಗೆ ಬಡ ನೆಗಡಿಯೂ ಇಲ್ಲ. ಎಲ್ಲ ಬಟ್ಟೆಗೂ ಹೊಲಿಗೆ ಬಿದ್ದು ಒಂದು ಜಾತಿಯ ಬಟ್ಟೆಗೆ ಮಾತ್ರ ಬೀಳದಿದ್ದರೆ ಮಷೀನನ್ನು ಬೈಯಬಾರದು, ಮನೆಯಲ್ಲಿ ಯಾರೋ ಸೂಜಿ ಬದಲಿಸಿದ್ದಾರೆ ಎಂದು ತಿಳಿಯಬೇಕು. ನಮ್ಮ ಧಂದೆಯ ಮೊದಲ ಪಾಠವೇ ಇದು. ಅಂದು ಅದನ್ನು ಮರೆತು ಮಷೀನನ್ನೇ ಬೈದೆ. ಆರಿಸಿ ಹಚ್ಚಿದೆ. ಅಂಗಡಿಯ ಬ್ಲೋವರು ತಂದು ಧೂಳು ಹಾರಿಸಿದೆ. ಅಭ್ಯಾಸಬಲದಿಂದ ಎಣ್ಣೆಯ ಡಬ್ಬಿಗೂ ಕೈ ಹೋಯಿತು. ಖಾತುನಬಿ ಓಡಿಬಂದು ಕಸಿದುಕೊಂಡಳು.

"ಅದಕ್ಕೂ ಎಣ್ಣಿ ಬಿಡ್ತೀರೇನ್ರಿ? ತೆರಿಯದಿದ್ರ ಬಿಡ್ರಿ ಅತ್ತಾಗ. ಏನ್ ಗಂಟು ಹೋಗೂದೈತಿ?"

ಗಂಟು ಎಂಬ ಮಾತು ತಾನಾಗಿ ಬಾಯಿಗೆ ಬಂದದ್ದು ತಿಳಿದ ಕೂಡಲೇ ಅವಳು ಡಬ್ಬಿ ಹಿಡಿದು ಒಳಗೆ ಹೋದಳು, ನಾನು ಒರೆಸಿದ ಪರದೆಯನ್ನೇ ಮತ್ತೆ ಒರೆಸಿದೆ.

ಮರುದಿನ ಜೆರಾಕ್ಸ್ ಅಂಗಡಿಯ ಪ್ರತಾಪನ ಹತ್ತಿರ ಹೋದೆ. ಅವನ ಕಂಪ್ಯೂಟರಿನಲ್ಲಿ ಮೊಣಕಾಲು ನೋವೆಂದು ಹಾಕಿ ನೋಡಿದರೆ ಬಾಗಿಲು ದೂಡಿದ ಹಾಗೆ ತೆರೆಯಿತು. ಹಾಗಿದ್ದರೆ ಬೇಕಾದದ್ದನ್ನು ಅಲ್ಲೇ ಓದಬಹುದಿತ್ತಲ್ಲ ಎನ್ನುತ್ತೀ. ಬೆನ್ನ ಹಿಂದೆ ಆಧಾರ ಕಾರ್ಡು ಹಿಡಿದ ಮಂದಿ ಸಾಲುಗಟ್ಟಿ ನಿಂತು ನನ್ನ ಹೆಗಲ ಮೇಲಿಂದ ಪರದೆ ನೋಡುತ್ತಿದ್ದರು. ನಿನ್ನ ಭಾಬಿಯ ಸಂಕಟವನ್ನು ಅಷ್ಟು ಜನರ ಎದುರು ಬೆರಳಿನಿಂದ ಒತ್ತಲು ನನಗೆ ಕೈ ಏಳಲಿಲ್ಲ. ಮನೆಗೇ ಬಾ ಎಂದು ಪ್ರತಾಪನನ್ನು ಕರೆದೆ. ಅವನಿಗೆ ನಾಲ್ಕು ಕಡೆ ಕೆಲಸ. ಬಂದದ್ದು ರಿಪೋರ್ಟಿನ ಹಿಂದಿನ ದಿನ.

"ಕಾಕಾ, ಯಾವ ಸೈಟು ತೆರಿಯವಲ್ದು?"

"ಮೊಣಕಾಲಿಂದು."

"ಮೊಣಕಾಲು ನೋಯತಾವೇನ್ರಿ ನಿಮ್ಮವು?"

"ನಿನ್ನ ಅಂಗಡಿಗೆ ತಿರಗ್ಯಾಡಿ ಈಗ ಸುರು ಆಗ್ಯಾವ."

ಪ್ರತಾಪ ಮೊದಲು ಬ್ರೌಸರಿನ ಹೊಟ್ಟೆ ತೊಳೆದ. ಅದರೊಳಗೆ ಹಳೆಯದೆಲ್ಲ ಕಟ್ಟಿಕೊಂಡು ಕುಳಿತಿರುತ್ತದಂತೆ. ತೊಳೆದ ರಭಸಕ್ಕೆ ಕರೆಂಟು ಬಿಲ್ಲಿನ ಪಾಸ್‌ವರ್ಡು ಹರಿದುಹೋಯಿತು, ಪುಟ ಮಾತ್ರ ಬಿಳಿಯಾಗಿಯೇ ಉಳಿಯಿತು. ಗೋಡೆಯ ಮೇಲಿನ ಇಂಟರ್‌ನೆಟ್ ಡಬ್ಬಿಯ ವೈರು ಕಿತ್ತು ಹಾಕಿದ. ಇಲಿಗಳ ಮೇಲೆ ಸಂಶಯಪಟ್ಟ, ಆಮೇಲೆ ಸರಕಾರದ ಮೇಲೆ. "ಇಂಥಾವು ಸಾವಿರ ನೋಡೇನ್ರಿ ಕಾಕಾ" ಎನ್ನುತ್ತ ಇನ್ನೊಂದು ಬ್ರೌಸರು ಹಾಕಲು ಹೋದ, ಕಂಪ್ಯೂಟರು ಹಾಕಗೊಡಲಿಲ್ಲ. ಆಗ ಮೊದಲ ಬಾರಿಗೆ ಅವನು ಕೈ ನಿಲ್ಲಿಸಿ ಪರದೆಯ ಮೇಲಿನ ಇಂಗ್ಲಿಷ್ ಸಾಲನ್ನು ಓದಿದ. ಓದಿ ಮುಖ ಆಚೆ ತಿರುಗಿಸಿ ಕೆಮ್ಮಿದ.

"ಇದನ್ನ ನೀವು ಓದೀರೇನ್ರಿ ಕಾಕಾ?"

"ಏನಂತೈತಿ?"

"ದೊಡ್ಡವರನ್ನ ಕೇಳು ಅಂತೈತ್ರಿ."

"ಯಾರಿಗೆ?"

"ನಿಮಗ. ಸಿಟ್ಟಾಗಬ್ಯಾಡ್ರಿ, ಈ ಕಂಪ್ಯೂಟರಿನ್ಯಾಗ ನೀವು ಎಂಟು ವರ್ಷದ ಹುಡುಗ ಅದೀರಿ."

ಮಕ್ಕಳು ನೋಡಬಾರದ್ದನ್ನು ನೋಡದಿರಲೆಂದು ತಾಯಿ-ತಂದೆ ಹಾಕುವ ಬೀಗವಂತೆ ಅದು. ಮೊಮ್ಮಗನನ್ನು ಸಾಲಿಗೆ ಬಿಟ್ಟುಬರುವ ವಯಸ್ಸಿನವನನ್ನು ೨೦೧೬ರಲ್ಲಿ ಹುಟ್ಟಿಸಿ, ರೋಗದ ಪುಟಗಳಿಗೆಲ್ಲ ಅಗಳಿ ಜಡಿದಿದ್ದಾರೆ. ಪಾಲಕರ ಪಾಸ್‌ವರ್ಡು ಹಾಕಿದರೆ ಮಾತ್ರ ತೆರೆಯುತ್ತದೆ. ಪಾಲಕರು ಯಾರು ಎಂದು ಕೇಳಿದೆ. ಪ್ರತಾಪ ಓದಿ ಹೇಳಿದ: ಖಾತುನಬಿ.

ಅವನು ಚಹಾ ಕೂಡ ಕುಡಿಯದೆ, ನಗುವನ್ನು ಬಾಯಲ್ಲಿ ಹಿಡಿದುಕೊಂಡು ಹೋದ. ರಸ್ತೆ ತಿರುವಿನಲ್ಲಿ ಅದನ್ನು ಬಿಟ್ಟದ್ದು ನನಗೆ ಕೇಳಿಸಿತು.

ನಾನು ಅಡುಗೆಮನೆಗೆ ಹೋಗಿ ಹೊಸ್ತಿಲಲ್ಲಿ ನಿಂತೆ. ಅವಳು ಹಿಟ್ಟು ನಾದುತ್ತಿದ್ದಳು, ತಲೆ ಎತ್ತಲಿಲ್ಲ.

"ಹೌದ್ರಿ, ನಾನ ಹಾಕಿಸೇನಿ. ದವಾಖಾನಿಯಿಂದ ಬಂದ ದಿನ ಶಾಜಿಯಾ ಬಂದಿದ್ಲಲ್ಲ, ಆಕಿ ಕಡೆಯಿಂದ."

"ನಾನೇನ್ ಸಣ್ಣ ಹುಡುಗ ಏನು?"

"ನೀವು ಓದಿದ್ದೆಲ್ಲಾ ನಿಮ್ಮ ಮಾರಿ ಮ್ಯಾಲೆ ಬರದಿರತೈತಿ. ನಾ ನಾಲ್ಕನೇತ್ತಾ ಕಲತಾಕಿ, ಆದ್ರ ನಿಮ್ಮ ಮಾರಿ ಓದಾಕ ನನಗ ಯಾವ ಸಾಲೀನೂ ಬೇಕಾಗಿಲ್ಲ. ನನಗ ಏನಾಗೇತಿ ಅಂತ ಡಾಕ್ಟರಮ್ಮ ಹೇಳಲಿ. ನಿಮ್ಮ ಮಾರಿ ಹೇಳೂದು ಬ್ಯಾಡಾಗಿತ್ತು."

ನಾನು ಅಲ್ಲಿದ್ದ ಒಂದು ಲೋಟ ತೊಳೆದಿಟ್ಟೆ. ಅದು ಮೊದಲೇ ತೊಳೆದದ್ದಾಗಿತ್ತು.

ಮರುದಿನ ಶುಕ್ರವಾರ. ಆಸ್ಪತ್ರೆಯಲ್ಲಿ ನಮ್ಮ ಹೆಸರು ಕರೆಯುವ ತನಕ ಇಬ್ಬರೂ ಎದುರಿನ ಗೋಡೆಯ ಮೇಲಿನ ಹಸುಗೂಸಿನ ಚಿತ್ರ ನೋಡುತ್ತ ಕುಳಿತೆವು. ಒಳಗೆ ಹೋದ ಮೇಲೂ ಖಾತುನಬಿ ಡಾಕ್ಟರಮ್ಮನನ್ನೇ ನೋಡಿದಳು, ನನ್ನ ಕಡೆ ಕಣ್ಣು ಹಾಯಿಸಲಿಲ್ಲ. ಡಾಕ್ಟರಮ್ಮ ಹಾಳೆ ಓದಿ ಮಡಿಚಿಟ್ಟರು. "ಸಾದಾ ಗಂಟು ಅಮ್ಮಾ. ಕೆಟ್ಟದ್ದಲ್ಲ. ಆರು ತಿಂಗಳು ಬಿಟ್ಟು ಮತ್ತ ಒಮ್ಮೆ ತೋರಸ್ರಿ, ಸಾಕು."

ಮುಸರತ, ಆ ಕ್ಷಣ ಅವಳು ನನ್ನ ಮುಖದತ್ತ ತಿರುಗಿದಳು. ಎಷ್ಟು ಹೊತ್ತು ಓದಿದಳೆಂದರೆ, ಇಡೀ ವಾರದ ಬಾಕಿ ಓದು ಅಲ್ಲೇ ಮುಗಿಸಿದಳು. ಆಮೇಲೆ ಡಾಕ್ಟರಮ್ಮನಿಗೆ, "ಇವರಿಗೇನಾರ ಗುಳಿಗಿ ಬರದ ಕೊಡ್ರಿ ಬಾಯಾರ, ವಾರ ಆತು ಸರಿಯಾಗಿ ಉಂಡಿಲ್ಲ" ಎಂದಳು. ಹೊರಗೆ ಬಂದು ಗಾಡಿಯ ಮುಂದೆ ನಿಂತು ಗಿರ್ಮಿಟ್ ತಿಂದೆವು. ಜೊತೆಗೆ ಕೊಟ್ಟ ತನ್ನ ಮಿರ್ಚಿ ಭಜಿ ತಿಂದು ನನ್ನದಕ್ಕೂ ಕೈ ಹಾಕಿದಳು. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು, ನನಗೆ ತಿನ್ನದೆಯೇ ಬಂತು.

ನಿನ್ನೆ ಸಂಜೆ ಅವಳೇ ಕಂಪ್ಯೂಟರಿನ ಮುಂದೆ ಕುಳಿತು, ನನ್ನನ್ನು ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿ, ಪಾಸ್‌ವರ್ಡು ಒತ್ತಿದಳು. "ಹೋಗ್ರಿ, ಇವತ್ತಿನಿಂದ ನೀವು ದೊಡ್ಡವರು." ಹಾಗೆ ತೆರೆದದ್ದು ಆ ಮೊಣಕಾಲಿನ ಪುಟ. ಎರಡು ಸಾಲು ಓದಿ ಮುಚ್ಚಿದೆ. ಬಿರಿಯಾನಿಯ ಪುಟವೇ ವಾಸಿ.

ನಿನ್ನ ಮಕ್ಕಳಿಗೆ ನನ್ನ ದುವಾ. ಎಮ್ಮೆ ಈದಿದೆಯಂತೆ, ಗಿಣ್ಣ ನಮ್ಮ ಮನೆಯ ದಾರಿ ಮರೆಯದಿರಲಿ. ಅಲ್ಲಾಹು ನಿನ್ನ ಮನೆಯನ್ನು ತಂಪಾಗಿ ಇಟ್ಟಿರಲಿ, ನಿನ್ನ ಬಿಪಿಯನ್ನು ಅದಕ್ಕಿಂತ ತಂಪಾಗಿ.

ನಿನ್ನ ಭಾಯಿ,
ಹುಸೇನಬಾಷಾ
(ವಯಸ್ಸು ಎಂಟು, ನಿನ್ನೆಯಿಂದ ಬಡ್ತಿ)

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆಗೆ ಅಂಟು ಹಚ್ಚುವಾಗ ಖಾತುನಬಿ ಚಹಾ ತಂದಳು. ಯಾರಿಗೆ ಎಂದಳು. ಮುಸರತಳಿಗೆ, ಇಷ್ಟು ದಿನ ಮುಚ್ಚಿಟ್ಟ ಸುದ್ದಿ ತಿಳಿಸುತ್ತಿದ್ದೇನೆ ಎಂದೆ. "ಆಕಿಗೇನ್ ತಿಳಸ್ತೀರಿ? ರಂಜಾನದಾಗ ಮೊದಲ ಆಕಿಗೇ ಹೇಳೇನಿ" ಎಂದಳು, ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವ ದನಿಯಲ್ಲಿ. ರಂಜಾನಿನಿಂದ ಬಕ್ರೀದಿನ ತನಕ ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. "ನಿಮಗ ಹೇಳಿದ್ರ ನಗಸ್ತೀರಿ. ನನಗ ಮೊದಲ ಒಂದೀಟು ಅಳಬೇಕಾಗಿತ್ತು" ಎಂದಳು.

ನಾನು ಜೋಕು ಹೇಳಲಿಲ್ಲ. ಇಬ್ಬರ ಚಹಾವೂ ಆರಿತು.

ಅಂದರೆ ಟಾಕಿಯ ಕಟ್ಟೆಯ ಮೇಲೆ, ಅರ್ಧ ಊರಿನ ನಡುವೆ ನಿಂತು ನೀನು ಕೇಳಿದ ಅಳುವನ್ನು, ಒಂದೇ ಚಾವಣಿಯ ಕೆಳಗಿದ್ದ ನಾನು ಕೇಳಿರಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ. ಒಂದು ಸಣ್ಣ ಉಪಕಾರ ಮಾತ್ರ ಮಾಡು. ಇನ್ನು ಮುಂದೆ ಅವಳು ಫೋನು ಮಾಡಿ, ದನಿ ತಗ್ಗಿಸಿ ಏನಾದರೂ ಹೇಳತೊಡಗಿದರೆ, "ಭಾಬಿ, ನೆಟ್‌ವರ್ಕ್ ಇಲ್ರಿ, ಏನೂ ಕೇಳವಲ್ದು, ಭಾಯಿಗೆ ಹೇಳ್ರಿ" ಎಂದು ಇಟ್ಟುಬಿಡು. ಆಮೇಲೆ ಒಂದು ತಾಸು ಟಾಕಿಯ ಕಡೆ ಹೋಗಬೇಡ.