ರೆಜ್ಕಾ ಒತ್ತಿದ ಗುರುತು

ಕ್ರೋಪಾ
ಮಾರ್ಚ್ ೧೬, ೧೯೬೮

ಪ್ರೀತಿಯ ಯೆರ್ನೇಯ್ ಅಣ್ಣನಿಗೆ ನೇಜಾಳ ನಮಸ್ಕಾರಗಳು.

ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಒಳ್ಳೆಯ ಸುದ್ದಿ ಕೈಗೆ ಬಂದ ಮೇಲೇ ಬರೆಯೋಣವೆಂದು ಕಾದೆ. ಈಗ ಬಂದಿದೆ. ನನ್ನ ಮಗಳು ರೆಜ್ಕಾ ನಾನು ತಲೆ ಎತ್ತುವ ಹಾಗೆ ಮಾಡಿದಳು ಅಣ್ಣ.

ಕುಲುಮೆಯ ಬಾಗಿಲಲ್ಲಿ ತೂಗುತ್ತಿದ್ದ ಹಳೆಯ ಕಬ್ಬಿಣದ ಕಂದೀಲು ನೆನಪಿದೆಯಲ್ಲ? ಈ ಚಳಿಗಾಲದಲ್ಲಿ ಸೂರಿನ ಹಿಮ ಜಾರಿ ಅದರ ಮೇಲೆ ಬಿತ್ತು. ಒಂದು ಮಗ್ಗುಲು ನಜ್ಜುಗುಜ್ಜಾಗಿ, ಮೇಣದಬತ್ತಿಯ ಬಟ್ಟಲೇ ಕಿತ್ತುಬಂತು. ಬೆಸುಗೆ ಹಾಕಿ ಮುಗಿಸೋಣ ಎಂದರು ಕುಲುಮೆಯ ಯಜಮಾನ ಗಾಶ್ಪರ್. ನಮ್ಮ ರೆಜ್ಕಾ ಬಿಟ್ಟಾಳೆಯೇ! "ರಿವೆಟ್ ಹೊಡೆದು ಕೂಡಿಸಿದ್ದನ್ನ ರಿವೆಟ್ ಹೊಡೆದೇ ಕೂಡಿಸ್ಬೇಕು. ನಂಗೆ ಕೊಡಿ ಯಜಮಾನ್ರೇ" ಎಂದು ಎತ್ತಿಕೊಂಡು ಬಂದಳು.

ಕಂದೀಲು ಮಾಡಿದವರು, ರಿಪೇರಿ ಮಾಡಿದವರು ಅದರ ತಳದಲ್ಲಿ ತಮ್ಮ ಗುರುತು ಒತ್ತುತ್ತಾರೆ, ನಿನಗೆ ಗೊತ್ತಿದ್ದದ್ದೇ. ಅಲ್ಲಿ ಇದುವರೆಗೆ ಒಬ್ಬ ಹೆಂಗಸಿನ ಗುರುತೂ ಇರಲಿಲ್ಲ. ನಾವು ಹೆಂಗಸರು ಮೊಳೆ ಮಾಡುವವರು, ಮೊಳೆಗೆ ಗುರುತಿಲ್ಲ. ರೆಜ್ಕಾಳಿಗೆ ಗುರುತು ಒತ್ತಲು ಬಿಡುತ್ತಾರೋ ಇಲ್ಲವೋ ಎಂದು ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಸಂತ ಗ್ರೆಗೊರಿಯ ಹಬ್ಬದ ಮುನ್ನಾ ಸಂಜೆ ಕಂದೀಲಿನ ಪರೀಕ್ಷೆ. ಇನ್ನು ದೀಪ ಹಚ್ಚಿ ದುಡಿಯುವ ಕಾಲ ಮುಗಿಯಿತೆಂದು ಮಕ್ಕಳೆಲ್ಲ ಕಾಗದದ ಮನೆಗಳಲ್ಲಿ ದೀಪವಿಟ್ಟು ಹೊಳೆಗೆ ಬಿಡುತ್ತಿದ್ದರು. ಗಾಶ್ಪರ್ ಕಂದೀಲು ಹಚ್ಚಿ ನೀರಿನ ಚಕ್ರದ ಪಕ್ಕಕ್ಕೇ ಹಿಡಿದರು. ಅಲ್ಲಿಯ ಗಾಳಿ, ತುಂತುರು ಎಂಥದೆಂದು ನಿನಗೇ ಗೊತ್ತು. ಜ್ವಾಲೆ ಒಮ್ಮೆ ಬಾಗಿತು. ಆರಲಿಲ್ಲ.

ಹಿಂದಿನಿಂದ ಮುದುಕ ಲೊವ್ರೊ ಕೊಂಕು ತೆಗೆದ: "ಮೊಳೆ ಮಾಡೋ ಹೆಣ್ಮಕ್ಕಳಿಗೆ ಗುರುತು ಯಾಕಪ್ಪಾ?"

"ಮೊಳೆ ಇಲ್ದಿದ್ರೆ ನಿನ್ನ ಛಾವಣಿ ಯಾವತ್ತೋ ಹೊಳೆ ಸೇರ್ತಿತ್ತು ತಾತಾ" ಎಂದಳು ರೆಜ್ಕಾ. ಎಲ್ಲರೂ ಗೊಳ್ಳೆಂದರು. ಗಾಶ್ಪರ್ ನಗುತ್ತಲೇ ಅವಳ ಕೈಗೆ ಸುತ್ತಿಗೆ ಕೊಟ್ಟು, "ಒತ್ತಮ್ಮಾ" ಎಂದರು.

ಅವಳು ತನಗಾಗಿ ಕೊರೆದುಕೊಂಡ ಗುರುತು ಏನು ಗೊತ್ತೇ? ಒಂದು ಮೊಳೆ. ನಾನು ಅಲ್ಲೇ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಈಸ್ಟರ್‌ಗೆ ಅವಳು ತ್ರಿಯೆಸ್ತೆಗೆ, ನಿನ್ನ ಮನೆಗೆ ಬರುತ್ತಾಳೆ. ನಿನ್ನ ಬಾಗಿಲಲ್ಲಿರುವ ಕಂದೀಲು ನೋಡಬೇಕಂತೆ. "ಮಾವ ಮಾಡಿದ್ದು ಅಂತ ಊರೆಲ್ಲ ಹೇಳುತ್ತೆ, ನಾನೂ ಕಲೀಬೇಕು" ಎನ್ನುತ್ತಾಳೆ. ಅವಳ ಕೈಯಲ್ಲಿ ಅತ್ತಿಗೆಗೆ ಆಕ್ರೋಟಿನ ಪೊತಿತ್ಸಾ ರೊಟ್ಟಿ ಕಳಿಸುತ್ತೇನೆ. ಮಕ್ಕಳಿಗೆ ನನ್ನ ಮುತ್ತು. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ನೇಜಾ

ತಾ.ಕ.: ನಿನ್ನ ಬಾಗಿಲಲ್ಲಿರುವ ಆ ಕಂದೀಲನ್ನು ನಿನ್ನ ಮದುವೆಗೆಂದು ನಾನೇ ಮಾಡಿದ್ದೆ. ಅಪ್ಪ ಅದರ ತಳಕ್ಕೆ ನಿನ್ನ ಗುರುತಾದ ನಕ್ಷತ್ರವನ್ನು ಒತ್ತಿದಾಗ ನೀನು ಪಕ್ಕದಲ್ಲೇ ನಿಂತಿದ್ದೆ, ಒಂದು ಮಾತೂ ಆಡಲಿಲ್ಲ. ಇಷ್ಟು ವರ್ಷ ನಾನೂ ಆಡಲಿಲ್ಲ, ಮಗಳಿಗೂ ಹೇಳಿಲ್ಲ. ಅವಳು ಬಂದವಳೇ ಅದನ್ನು ತಿರುಗಿಸಿ ತಳ ನೋಡುತ್ತಾಳೆ. ಆಗ ನೀನೇ ಹೇಳು ಅಣ್ಣ, ಅದು ಅವಳ ಅಮ್ಮ ಮಾಡಿದ್ದು ಅಂತ.