ಅಮ್ಮ ನಿನ್ನ ಕಿವಿಯಲ್ಲಿ ಹೇಳಿದ್ದು

ನನ್ನ ಹೊಟ್ಟೆಕಿಚ್ಚಿಗೆಲ್ಲ ಕಾರಣಳಾದ ಮುದ್ದಿನ ಅಕ್ಕನಿಗೆ,

ಬಂತು ಕಣೇ, ನಿನ್ನ ಮದುವೆಯ ವಿಡಿಯೋ ಕೊನೆಗೂ ನಮ್ಮ ಕಂಪ್ಯೂಟರಿನಲ್ಲಿ ಬಂತು! ಅಮ್ಮ ಹೋಗಿ ಮೂರು ವರ್ಷದ ಮೇಲೆ ಅವಳು ನಡೆದಾಡುವುದನ್ನು, ಮೂಗಿನ ಮೇಲೆ ಜಾರುವ ಕನ್ನಡಕವನ್ನು ಬೆರಳಿನಿಂದ ಮೇಲೆ ತಳ್ಳುವುದನ್ನು ನೋಡಿದೆ.

ನೀನು ಕೊಟ್ಟ ಡಿಸ್ಕ್ ಹಾಕಿದಾಗ ಮೊದಲು ಪರದೆ ಕಪ್ಪಗೇ ಇತ್ತು. ನಮ್ಮವರ ಕಂಪ್ಯೂಟರನ್ನು ನಡೆಸುವುದು ಲಿನಕ್ಸ್ ಎಂಬ ತಂತ್ರಾಂಶ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದದ್ದು. ನಮ್ಮ ಮದುವೆಯಾಗಿ ಐದು ವಾರ, ನನ್ನ ಮುಖಕ್ಕಿಂತ ಅದರ ಮುಖವನ್ನೇ ಹೆಚ್ಚು ನೋಡುತ್ತಾರೆ. ಸವತಿ!

"ಸ್ಟುಡಿಯೋದವರು ಡಿಸ್ಕಿಗೆ ಬೀಗ ಹಾಕಿದಾರೆ ಕಣೇ, ಯಾರೂ ಕಾಪಿ ಮಾಡಬಾರದು ಅಂತ. ಅದರ ಕೀ ಇದರಲ್ಲಿಲ್ಲ," ಎಂದರು.

"ನಮ್ಮಮ್ಮನಿಗೆ ಬೀಗ ಹಾಕೋಕೆ ಅವನ್ಯಾರ್ರೀ?" ಎಂದು ಕೂಗಾಡಿದೆ. ಪಾಪ, ಎರಡು ವಾರ ಸ್ಟುಡಿಯೋದವನ ಬೆನ್ನು ಹತ್ತಿ ಬೀಗವಿಲ್ಲದ ಫೈಲು ತರಿಸಿದರು.

ಚಿತ್ರ ಬಂತು, ಶಬ್ದವಿಲ್ಲ! ಶಬ್ದವನ್ನು ಅಡಕಮಾಡಿರುವ ವಿಧಾನದ ಮೇಲೆ ಯಾರದೋ ಪೇಟೆಂಟ್ ಇದೆಯಂತೆ. ಅದಕ್ಕೇ ಲಿನಕ್ಸನ್ನು ಪುಕ್ಕಟೆ ಹಂಚುವವರು ಅದನ್ನು ಬಿಡಿಸುವ ತಂತ್ರಾಂಶವನ್ನು ಜೊತೆಗೆ ಕೊಟ್ಟಿಲ್ಲವಂತೆ.

ಆ ಮೂಕ ಚಿತ್ರದಲ್ಲೇ ಅದನ್ನು ನೋಡಿದೆ. ನೀನು ಕಾರು ಹತ್ತುವ ಮುಂಚೆ ಅಮ್ಮ ನಿನ್ನ ಕಿವಿಗೆ ಬಾಯಿಟ್ಟು ಏನೋ ಹೇಳುತ್ತಾಳೆ. ಬಿಕ್ಕುತ್ತಿದ್ದವಳು ಪಕ್ಕನೆ ನಗುತ್ತೀಯ. ಹಿಂದೆ ನಾನು ನಿನ್ನ ಸೂಟ್‌ಕೇಸ್ ಹಿಡಿದು ಪೆದ್ದಿಯ ಹಾಗೆ ನಿಂತಿದ್ದೇನೆ. ಏನಂದಳು ಎಂದು ಅವತ್ತೇ ಕೇಳಿದ್ದೆ. "ನಿನ್ನ ಮದುವೇಲಿ ನಿಂಗೂ ಹೇಳ್ತಾಳೆ ಬಿಡೇ," ಅಂದಿದ್ದೆ ನೀನು.

ನನ್ನ ಮದುವೆಯಲ್ಲಿ ಅಮ್ಮ ಎಲ್ಲಿದ್ದಳು, ಅಕ್ಕಾ? ಎಲ್ಲರೂ ಅಪ್ಪಿಕೊಂಡು ಕಳಿಸಿದರು, ಕಿವಿ ಮಾತ್ರ ಖಾಲಿ. ನಿನ್ನ ರ‍್ಯಾಂಕು, ನಿನ್ನ ಉದ್ದ ಜಡೆ, ಯಾವುದಕ್ಕೂ ನಾನು ಇಷ್ಟು ಉರಿದುಕೊಂಡಿರಲಿಲ್ಲ.

"ಒಂದೇ ನಿಮಿಷ, ಆ ತಂತ್ರಾಂಶಾನ ಬೇರೆ ಕಡೆಯಿಂದ ತಂದು ಹಾಕ್ತೀನಿ, ಶಬ್ದ ಬರುತ್ತೆ," ಎಂದು ನಮ್ಮವರು ಕೀಬೋರ್ಡಿಗೆ ಕೈ ಹಾಕಿದರು. ನಾನು ಆ ಕೈ ಹಿಡಿದುಬಿಟ್ಟೆ. ಕದ್ದು ಕೇಳಿದರೆ ಆ ಮಾತು ನಿನ್ನದಾಗಿಯೇ ಉಳಿಯುತ್ತದೆ. ನನಗೆ ನನ್ನದು ಬೇಕು. ನೀನೇ ನನ್ನ ಕಿವಿಗೆ ಬಾಯಿಟ್ಟು, ಅಮ್ಮ ಹೇಳಿದ ಹಾಗೇ ಹೇಳಬೇಕು. ಒಂದು ಅಕ್ಷರ ಬಚ್ಚಿಟ್ಟುಕೊಂಡರೂ ಜಡೆ ಹಿಡಿದು ಜಗ್ಗುತ್ತೇನೆ.

ಆ ನಗು ನಿನ್ನ ಮುಖದಲ್ಲಿ ಸದಾ ಇರಲಿ. ಅರ್ಧ ನನಗೂ ಸಿಗಲಿ.

ಉರಿದುಕೊಂಡೇ ಪ್ರೀತಿಸುವ
ನಿನ್ನ ತಂಗಿ

ಸ್ಟೇಷನ್ನಿಗೆ ಭಾವನನ್ನು ಕಳಿಸಬೇಡ, ನೀನೇ ಬಾ. ಶನಿವಾರ, ಬೆಳಿಗ್ಗೆ ಹತ್ತೂಕಾಲರ ಪ್ಯಾಸೆಂಜರ್ ರೈಲಿಗೆ ಬರುತ್ತಿದ್ದೇನೆ.